ಸರಿ ಎನ್ನುವ ಒಂದೇ ಗುಂಡಿ

ಹರಾಜಿನ ನಡುವೆ ನನ್ನನ್ನು ಯಾರೂ ನಿಲ್ಲಿಸುವಂತಿಲ್ಲ. ನಾಮ್‌ಗೆ ಎಂಬ ನಮ್ಮ ಬಂದರಿನಲ್ಲಿ ಇದು ಎಲ್ಲರಿಗೂ ಗೊತ್ತು. ಗಂಟೆ ಅಲ್ಲಾಡಿಸಿ ನಾನು ರಾಗ ಹಿಡಿದೆನೆಂದರೆ ನಂಬರಿನ ಟೋಪಿ ತೊಟ್ಟ ವರ್ತಕರು ಅಂಗಿಯ ಮರೆಯಲ್ಲಿ ಬೆರಳು ಮಡಚಿ ಬೆಲೆ ತೋರಿಸುತ್ತಾರೆ. ನಾನು ಬೆರಳುಗಳನ್ನು ಓದುತ್ತಾ ಕೂಗುತ್ತಾ ಹೋಗುತ್ತೇನೆ. ಒಂದು ರಾಶಿ ಮುಗಿಯುವಷ್ಟರಲ್ಲಿ ನನ್ನ ಬೂಟು ಮುಂದಿನ ರಾಶಿಯ ಹತ್ತಿರ ಇರುತ್ತದೆ. ಅಂಥ ಹೊತ್ತಿನಲ್ಲಿ ಮೇಲಿನ ಗಾಜಿನ ಕೋಣೆಯ ಕಿಟಕಿ ಧಡಾರನೆ ತೆರೆದುಕೊಂಡಿತು.

"ಮೇಂಗಣ್ಣಾ! ನಿಲ್ಸು! ಕೂಗ್ಬೇಡ, ನಿಲ್ಸು!"

ಕೂಗಿದವಳು ಬೊಕ್‌ಸಿಲ್. ನಾನು ಕೂಗುವವನು, ಅವಳು ಬರೆಯುವವಳು. ಮೀನುಗಾರರ ಸಂಘದಲ್ಲಿ ನಾವಿಬ್ಬರೂ ಜೋಡೆತ್ತಿನ ಹಾಗೆ ದುಡಿಯುತ್ತಾ ಬಂದವರು. ಮೊದಲು ಒದ್ದೆ ಚೀಟಿಯ ಮೇಲೆ ಪೆನ್ಸಿಲಿನಲ್ಲಿ ಬರೆಯುತ್ತಿದ್ದಳು, ಈಗ ಕಂಪ್ಯೂಟರಿನಲ್ಲಿ. ತಕ್ಕಡಿಯ ತೂಕ ತಂತಿಯಲ್ಲಿ ಮೇಲಕ್ಕೆ ಹೋಗುತ್ತದೆ, ಅವಳು ದೋಣಿಯ ಹೆಸರು, ಕೊಂಡವನ ನಂಬರು, ಬೆಲೆ ಒತ್ತುತ್ತಾಳೆ, ಕೆಳಗೆ ಯಂತ್ರದಿಂದ ಅಂಟುಚೀಟಿ ಹೊರಬರುತ್ತದೆ. ಆ ಚೀಟಿ ಇಲ್ಲದ ಪೆಟ್ಟಿಗೆಗೆ ಬಂದರಿನ ಗೇಟು ತೆರೆಯುವುದಿಲ್ಲ. ಕೈಬರಹದ ಚೀಟಿಯನ್ನು ಊರಾಚೆಯ ಮಾರುಕಟ್ಟೆಗಳು ತೆಗೆದುಕೊಳ್ಳುವುದನ್ನು ಬಿಟ್ಟು ಕಾಲವಾಯಿತು.

ನಾನು ಮೆಟ್ಟಿಲು ಹತ್ತಿ ಹೋದೆ. ಪರದೆಯ ನಟ್ಟನಡುವೆ ಒಂದು ಬಿಳಿ ಚೌಕ. ಹೊಸ ಆವೃತ್ತಿ ಬಂದಿದೆ, ಇನ್ನು ಸ್ವಲ್ಪ ಹೊತ್ತಿನಲ್ಲಿ ಪ್ರೋಗ್ರಾಂ ತಾನಾಗಿಯೇ ಮುಚ್ಚಿಕೊಂಡು ಬದಲಾಗುತ್ತದೆ ಎಂದು ಬರೆದಿತ್ತು. ಕೆಳಗೆ ಒಂದೇ ಒಂದು ಗುಂಡಿ: ಸರಿ.

"ಸರಿ ಅಂತೆ," ಬೊಕ್‌ಸಿಲ್ ಹಲ್ಲು ಕಡಿದಳು. "ಸರಿಯಿಲ್ಲ ಅನ್ನೋಕೆ ಗುಂಡಿ ಎಲ್ಲಿಟ್ಟಿದಾರೆ ಹುಡುಕಿಕೊಡು ನೋಡೋಣ."

ನಾವು ನೋಡುತ್ತಿರುವಾಗಲೇ ಅದು ಮುಚ್ಚಿಕೊಂಡಿತು. ನೀಲಿ ಪಟ್ಟಿಯೊಂದು ಎಡದಿಂದ ಬಲಕ್ಕೆ ತೆವಳತೊಡಗಿತು. ಕೆಳಗೆ ವರ್ತಕರು ಗೊಣಗುತ್ತಿದ್ದರು. ಜುಲೈ ತಿಂಗಳ ಬಿಸಿಲು ಆಗಲೇ ಕಟ್ಟೆಗೆ ಬಂದಿತ್ತು. ಅವತ್ತು ತಾಂಡೇಲ ಪ್ಯೊ ತಾನೇ ನಡೆಸುವ ದೋಣಿ ಹತ್ತು ಕಾಲಿನ ಬೊಂಡಾಸ ತುಂಬಿಕೊಂಡು ಬಂದಿತ್ತು. ಇಡೀ ಬೇಸಿಗೆ ಬರಿಗೈಯಲ್ಲಿ ಬರುತ್ತಿದ್ದ ದೋಣಿ ಅದು. ಪೆಟ್ಟಿಗೆಗಳು ಕಟ್ಟೆಯ ಈ ತುದಿಯಿಂದ ಆ ತುದಿಯವರೆಗೆ, ಒಂದೊಂದರಲ್ಲೂ ಕಂದು ಬಣ್ಣದ, ಮುಟ್ಟಿದರೆ ಇನ್ನೂ ಮೈ ಅದುರಿಸುವ ತಾಜಾ ಬೊಂಡಾಸ.

ಕಡೆಗೂ ಪ್ರೋಗ್ರಾಂ ತೆರೆದುಕೊಂಡಿತು. ಬಣ್ಣ ಬದಲಾಗಿತ್ತು, ಅಕ್ಷರ ದುಂಡಗಾಗಿತ್ತು. ತೂಕ ಬರಬೇಕಾದ ಜಾಗದಲ್ಲಿ ಸೊನ್ನೆ. ಪೆಟ್ಟಿಗೆ ಇಟ್ಟರೂ ಸೊನ್ನೆ, ಇಳಿಸಿದರೂ ಸೊನ್ನೆ. ನಾನೇ ಹೋಗಿ ತಕ್ಕಡಿಯ ಮೇಲೆ ನಿಂತೆ. ತಕ್ಕಡಿಯ ಮುಖದಲ್ಲಿ ನನ್ನ ತೂಕ ಚೆನ್ನಾಗಿಯೇ ಕಾಣುತ್ತಿತ್ತು. ಮೇಲಿನ ಪರದೆಯಲ್ಲಿ ಮಾತ್ರ ನಾನು ಇರಲೇ ಇಲ್ಲ.

ಬೊಕ್‌ಸಿಲ್ ಪ್ರೋಗ್ರಾಂ ಮಾಡಿಕೊಟ್ಟ ಸಿಯೋಲ್‌ನ ಕಂಪನಿಗೆ ಫೋನು ಮಾಡಿದಳು.

"ಒಂದ್ಸಲ ಮುಚ್ಚಿ ತೆರೆದು ನೋಡಿ ಮೇಡಂ," ಎಂದಿತು ಆ ಕಡೆಯ ಇಂಪಾದ ಧ್ವನಿ.

"ನೋಡಿದೀನಿ. ಕಂಪ್ಯೂಟರನ್ನೇ ಆರಿಸಿ ಹಚ್ಚಿದೀನಿ. ಹಳೇದನ್ನ ವಾಪಸ್ ಕೊಡಿ."

"ಹಳೇ ಆವೃತ್ತಿಗೆ ಹೋಗೋಕೆ ಆಗಲ್ಲ ಮೇಡಂ. ನಮ್ಮ ಕಡೆಯಿಂದ ನೋಡಿದ್ರೆ ಎಲ್ಲಾ ಸರಿಯಾಗೇ ಇದೆ."

"ನಿಮ್ಮ ಕಡೆ ಬೊಂಡಾಸ ಇದೆಯೇನಮ್ಮಾ?"

ನಿಮ್ಮ ದೂರನ್ನು ದಾಖಲಿಸಿಕೊಂಡಿದ್ದೇವೆ ಎಂದು ಉತ್ತರ ಬಂತು. ಬೊಕ್‌ಸಿಲ್ ಫೋನನ್ನು ಕುಕ್ಕಿದಳು. ಅವಳ ಕುತ್ತಿಗೆ ಕೆಂಪಾಗಿತ್ತು.

ನಾವು ಮಾಡದ ಪ್ರಯತ್ನವಿಲ್ಲ. ತೂಕವನ್ನು ಕೈಯಿಂದ ಒತ್ತಲು ನೋಡಿದಳು, ಹೊಸ ಪ್ರೋಗ್ರಾಂ ಅದಕ್ಕೂ ಬಿಡಲಿಲ್ಲ. ಸಂಘದ ಅಧ್ಯಕ್ಷರು ಬೆವರು ಒರೆಸಿಕೊಳ್ಳುತ್ತಾ "ಸ್ವಲ್ಪ ತಾಳ್ಮೆ, ಸ್ವಲ್ಪ ತಾಳ್ಮೆ" ಎಂದು ಓಡಾಡಿದರು. ಮಂಜುಗಡ್ಡೆಯ ಅಂಗಡಿಯಲ್ಲಿದ್ದದ್ದೆಲ್ಲ ತಂದು ಸುರಿದೆವು, ಅದೂ ಕರಗಿ ಕಟ್ಟೆಯ ಮೇಲೆ ಹರಿಯಿತು. ಲಾರಿಗಳವರು ಹಾರ್ನ್ ಹೊಡೆದು ಹೊಡೆದು ಬೇಸತ್ತು ಖಾಲಿ ಲಾರಿ ತಿರುಗಿಸಿಕೊಂಡು ಹೋದರು. ಬೊಂಡಾಸ ಬಿಳಿಚಿಕೊಳ್ಳುತ್ತಾ ಬಂತು. ಕಂದು ಹೋಗಿ ಗುಲಾಬಿ, ಗುಲಾಬಿ ಹೋಗಿ ಹಾಲುಬಿಳಿ. ಬಿಳಿಯಾದ ಬೊಂಡಾಸವನ್ನು ನಮ್ಮಲ್ಲಿ ಯಾವ ವರ್ತಕನೂ ಕಾಲಿನಿಂದಲೂ ಮುಟ್ಟುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ಮೇವಿನ ಕಾರ್ಖಾನೆಯವರು ಬಂದು ಸಲಿಕೆಯಲ್ಲಿ ಬಾಚಿ ತುಂಬಿಕೊಂಡರು.

ಕೊನೆಯ ಪೆಟ್ಟಿಗೆಯನ್ನು ತಾಂಡೇಲ ಪ್ಯೊ ಕಾರ್ಖಾನೆಯವರಿಂದ ಕಿತ್ತುಕೊಂಡ. ಮೆಟ್ಟಿಲ ಬುಡಕ್ಕೆ ಬಂದು ಪೆಟ್ಟಿಗೆಯನ್ನು ಎತ್ತಿ ಗಾಜಿನ ಕೋಣೆಯ ಬಾಗಿಲಿಗೆ ಬೀಸಿ ಎಸೆದ. ಬೊಂಡಾಸಗಳು ಗಾಜಿಗೆ ಅಂಟಿಕೊಂಡು ನಿಧಾನವಾಗಿ ಜಾರಿದವು.

"ನಿನ್ನ ಕೈಲಾಗಲ್ಲ ಅಂದ್ರೆ ಆ ಕುರ್ಚಿ ಬಿಟ್ಟು ಇಳಿಯೇ!" ಅವನು ಅರಚಿದ. "ಮೊದಲು ಮಾಡ್ತಿದ್ಯಲ್ಲ, ಮೀನಿನ ಹೊಟ್ಟೆ ಕೊಯ್ಯೋ ಕೆಲಸ, ಅಲ್ಲಿಗೇ ಹೋಗು! ಗಾಜಿನ ಮನೆ ರಾಣಿ!"

ಇಡೀ ಬಂದರು ಕೇಳಿಸಿಕೊಂಡಿತು. ಹೊಟ್ಟೆ ಕೊಯ್ಯುವ ಹೆಂಗಸರೂ ಕೇಳಿಸಿಕೊಂಡರು. ಬೊಕ್‌ಸಿಲ್ ಬಾಯಿ ಚುರುಕಿನವಳು, ಒಂದಕ್ಕೆ ಹತ್ತು ಮಾತಾಡುವವಳು. ಅವತ್ತು ಏನೂ ಹೇಳಲಿಲ್ಲ. ಎಲ್ಲರೂ ಹೋದ ಮೇಲೆ ರಬ್ಬರು ಪೈಪು ಎಳೆದುಕೊಂಡು ಬಂದು ಮೆಟ್ಟಿಲು ತೊಳೆದಳು. ನಾನು ಪೈಪಿಗೆ ಕೈ ಹಾಕಲು ಹೋದರೆ ನೀರನ್ನು ನನ್ನ ಕಾಲಿಗೇ ತಿರುಗಿಸಿದಳು.

"ಮುಟ್ಬೇಡ. ನಾನು ಏನು ಮಾಡಿದೀನಿ ಹೇಳು ಮೇಂಗಣ್ಣ. ಏನು ಮಾಡಿದೀನಿ?"

ಅವಳು ಏನೂ ಮಾಡಿರಲಿಲ್ಲ. ಅದನ್ನು ಹೇಳಿದೆ ಕೂಡ. ಆದರೆ ಹಾಗೆ ಹೇಳಬೇಕಾದವನು ನಾನಲ್ಲವಲ್ಲ.

ಮರುದಿನ ಬೆಳಗಿನ ಬಸ್ಸಿಗೆ ಕಂಪನಿಯವರು ಒಬ್ಬಳನ್ನು ಕಳಿಸಿದರು. ತಾಕ್ ಸೊರಿನ್ ಎಂದು ಹೆಸರು. ಮೂವತ್ತರ ಆಸುಪಾಸಿನ ತೆಳ್ಳಗಿನ ಹೆಂಗಸು, ಬೆನ್ನಿಗೆ ಚೀಲ. ನಾವು ಬಳಸುವ ಪ್ರೋಗ್ರಾಮನ್ನು ಬರೆದವರಲ್ಲಿ ತಾನೂ ಒಬ್ಬಳು ಎಂದು ಬಗ್ಗಿ ನಮಸ್ಕರಿಸಿದಳು. ಬೊಕ್‌ಸಿಲ್ ನಮಸ್ಕಾರ ತೆಗೆದುಕೊಳ್ಳಲಿಲ್ಲ. ಅವಳ ತೋಳು ಹಿಡಿದು ಕಟ್ಟೆಯ ಮೂಲೆಗೆ ಕರೆದೊಯ್ದಳು. ಅಲ್ಲಿ ಹಿಂದಿನ ದಿನದ ಒಂದು ಪೆಟ್ಟಿಗೆ ಯಾರ ಕಣ್ಣಿಗೂ ಬೀಳದೆ ಉಳಿದಿತ್ತು.

"ಮೂಸು."

ಸೊರಿನ್ ಅವಳ ಮುಖ ನೋಡಿದಳು.

"ಮೂಸು ಅಂದೆ. ನಿಮ್ಮ ಕಡೆಯಿಂದ ಎಲ್ಲಾ ಸರಿಯಾಗೇ ಇದೆಯಂತಲ್ಲ. ನಮ್ಮ ಕಡೆಯಿಂದ ಹೇಗಿದೆ, ಬಗ್ಗಿ ಮೂಸು."

ಸೊರಿನ್ ಬಗ್ಗಿದಳು. ಮೂಗು ಮುಚ್ಚಿಕೊಳ್ಳದೆ ಉಸಿರೆಳೆದಳು. ಎದ್ದಾಗ ಕಣ್ಣಲ್ಲಿ ನೀರಿತ್ತು, ಅದು ವಾಸನೆಗೋ ಇನ್ನೇನಕ್ಕೋ ತಿಳಿಯಲಿಲ್ಲ. "ಕಂಪ್ಯೂಟರ್ ತೋರಿಸಿ," ಎಂದಷ್ಟೇ ಹೇಳಿದಳು.

ಅವತ್ತು ದೋಣಿಗಳು ಬೇರೆ ಬಂದರಿಗೆ ಹೋಗಿದ್ದರಿಂದ ಕಟ್ಟೆ ಖಾಲಿ. ಹಾಗಾಗಿ ಅವಳು ಮಧ್ಯಾಹ್ನದವರೆಗೆ ಒಳಗೇ ಕೂತಿದ್ದಳು. ಊಟಕ್ಕೆ ನಾನೇ ಒತ್ತಾಯಿಸಿ ಬಂದರಿನ ಹಿಂದಿನ ಅಂಗಡಿಗೆ ಕರೆದುಕೊಂಡು ಹೋದೆ. ಬೊಕ್‌ಸಿಲ್ ಬರುವುದಿಲ್ಲವೆಂದಳು, ಆಮೇಲೆ ಬಂದು ನಮ್ಮ ಎದುರಿಗೇ ಕೂತಳು. ಚಿಪ್ಪುಮೀನು ಹಾಕಿದ ಶ್ಯಾವಿಗೆ ಸಾರು ಬಂತು. ಸೊರಿನ್ ಬಟ್ಟಲು ಮುಟ್ಟಲಿಲ್ಲ.

"ಈ ಪ್ರೋಗ್ರಾಂ ಜಾವಾದಲ್ಲಿ ಬರೆದದ್ದು," ಎಂದಳು. "ಅದು ಓಡೋಕೆ ಒಳಗಡೆ ಜಾವಾ ಅನ್ನೋ ಇಂಜಿನ್ ಬೇಕು. ಮೊದಲು ಒಂದೊಂದು ಬಂದರಲ್ಲಿ ಒಂದೊಂದು ಜಾವಾ ಇರ್ತಿತ್ತು. ಒಂದು ಕಡೆ ಓಡೋದು ಇನ್ನೊಂದು ಕಡೆ ಓಡ್ತಿರಲಿಲ್ಲ, ದಿನಾ ದೂರು. ಅದಕ್ಕೇ ಇಂಜಿನ್ನನ್ನೂ ಪ್ರೋಗ್ರಾಮನ್ನೂ ಒಟ್ಟಿಗೆ ಕಟ್ಟಿ ಸಿಯೋಲ್‌ನಿಂದಲೇ ಕಳಿಸೋಣ ಅಂತ ಮಾಡಿದ್ವಿ. ಅದು ಒಳ್ಳೇದೇ ಅಕ್ಕ, ನಿಜವಾಗ್ಲೂ ಒಳ್ಳೇದು."

"ಒಳ್ಳೇದರ ವಾಸನೆ ನೋಡಿದ್ಯಲ್ಲ," ಎಂದಳು ಬೊಕ್‌ಸಿಲ್.

"ಈ ಸಲ ಕಳಿಸಿದ್ದು ದೊಡ್ಡ ಇಂಜಿನ್, ಹೊಸ ಬಗೆಯದ್ದು. ನಿಮ್ಮ ತಕ್ಕಡಿ ಜೊತೆ ಮಾತಾಡೋ ಒಂದು ಸಣ್ಣ ತುಂಡು ಇದೆ, ಅದು ಹಳೇ ಬಗೆಯದ್ದು. ಒಂದಕ್ಕೊಂದು ಹೊಂದಲ್ಲ. ನಮ್ಮ ಆಫೀಸಲ್ಲಿ ತಕ್ಕಡಿ ಇಲ್ಲ. ಒಂದು ತರಿಸಿಕೊಡಿ ಅಂತ ಎಷ್ಟು ಸಲ ಕೇಳಿದೀನಿ."

"ಹಾಗಾದ್ರೆ ಹಳೇದನ್ನ ಯಾಕೆ ವಾಪಸ್ ಹಾಕಬಾರದು?" ಎಂದು ನಾನು ಕೇಳಿದೆ.

ಅವಳು ಬರಿದೇ ಹಿಡಿದಿದ್ದ ಚಾಪ್‌ಸ್ಟಿಕ್ ಕೆಳಗಿಟ್ಟಳು. "ಹೊಸದು ಬಂದ ತಕ್ಷಣ ಹಳೇದನ್ನ ಅಳಿಸಿ ಹಾಕತ್ತೆ. ಹಾಗೆ ಅಳಿಸಬೇಡಿ, ಪಕ್ಕದಲ್ಲಿ ಇಟ್ಟಿರೋಣ ಅಂತ ನಾನು ಬರೆದಿದ್ದೆ. ನಮ್ಮ ನಿರ್ದೇಶಕರು ಬಾಂಗ್ ಅಂತ. ಅವರು ತೆಗೆಸಿದ್ರು."

"ಯಾಕೆ?"

"ಹಿಂದೆ ಹೋಗೋಕೆ ದಾರಿ ಇದ್ರೆ ಜನ ಹಿಂದೆ ಹೋಗ್ತಾರಂತೆ."

ಬೊಕ್‌ಸಿಲ್ ಮೊದಲ ಸಲ ಅವಳನ್ನು ಸರಿಯಾಗಿ ನೋಡಿದಳು. ನಂತರ ಮೂಲಂಗಿ ಉಪ್ಪಿನಕಾಯಿಯ ತಟ್ಟೆಯನ್ನು ಅವಳ ಕಡೆ ತಳ್ಳಿದಳು. "ತಿನ್ನು. ಖಾಲಿ ಹೊಟ್ಟೇಲಿ ಸಿಟ್ಟು ಮಾಡ್ಕೊಂಡ್ರೆ ತಲೆ ಸುತ್ತತ್ತೆ."

ಸೊರಿನ್‌ಳ ಸ್ವಂತ ಕಂಪ್ಯೂಟರಿನಲ್ಲಿ ಹಳೆಯ ಆವೃತ್ತಿ ಇತ್ತು. ಅದನ್ನೇ ತಂದು ಹಾಕಿದಳು, ಹೊಸದು ಇಳಿಯದಂತೆ ತಡೆದಳು. ತಕ್ಕಡಿಯ ಮೇಲೆ ನಾನು ನಿಂತೆ, ಪರದೆಯಲ್ಲಿ ನನ್ನ ತೂಕ ಬಂತು. ಅಧ್ಯಕ್ಷರು ಚಪ್ಪಾಳೆ ತಟ್ಟಿದರು.

ಮರುದಿನ ಕೆಲವು ದೋಣಿಗಳು ಹಿಂತಿರುಗಿದವು. ನಂಗು ಮೀನು, ಸ್ವಲ್ಪ ಬೊಂಡಾಸ. ಪ್ಯೊ ಬರಲಿಲ್ಲ. ನಾನು ಗಂಟೆ ಹೊಡೆದು ರಾಗ ಹಿಡಿದೆ. ಚೀಟಿಗಳು ಟಕಟಕನೆ ಬರುತ್ತಿದ್ದವು. ಅರ್ಧ ಕಟ್ಟೆ ದಾಟಿದ್ದೆನಷ್ಟೇ, ಮೇಲಿನಿಂದ ಮತ್ತೆ ಅದೇ ಕೂಗು.

ಓಡಿ ಹೋದೆ. ಅದೇ ಬಿಳಿ ಚೌಕ, ಅದೇ ಸರಿ. ಸೊರಿನ್ ಕೀಲಿಮಣೆಯ ಮೇಲೆ ಬಗ್ಗಿ ಏನೇನೋ ಒತ್ತುತ್ತಿದ್ದಳು. ಮುಖ ಸುಣ್ಣದ ಹಾಗಾಗಿತ್ತು.

"ನಾನು ನಿಲ್ಲಿಸಿದ್ದೆ. ಇದು ನಾನು ಬರೆದದ್ದಲ್ಲ. ಇನ್ನೊಂದು ಕಾವಲು ಪ್ರೋಗ್ರಾಂ ಇಟ್ಟಿದ್ದಾರೆ... ಒಂದನ್ನ ನಿಲ್ಲಿಸಿದ್ರೆ ಇನ್ನೊಂದು ಎಬ್ಬಿಸೋಕೆ. ನನಗೂ ಹೇಳದೆ ಇಟ್ಟಿದ್ದಾರೆ!"

"ಎಲ್ಲಿಂದ ಬರ್ತಿದೆ ಅದು?" ಬೊಕ್‌ಸಿಲ್ ಕೇಳಿದಳು.

"ಸಿಯೋಲ್‌ನಿಂದ. ಹೊರಗಿನ ಲೈನಿನಲ್ಲಿ."

"ಹೊರಗಿನ ಲೈನು ಯಾವುದು?"

ಸೊರಿನ್ ಗೋಡೆಯ ಕಡೆ ಕೈ ತೋರಿಸಿದಳು. "ಆ ಹಳದಿ. ನೀಲಿ ಬಂದರಿನ ಒಳಗಿನದ್ದು, ಗೇಟಿಗೆ..."

ಅವಳ ಮಾತು ಮುಗಿಯುವ ಮೊದಲೇ ಬೊಕ್‌ಸಿಲ್ ಹಳದಿ ತಂತಿಯನ್ನು ಎರಡೂ ಕೈಯಿಂದ ಹಿಡಿದು ಎಳೆದಳು. ಗೋಡೆಯ ಡಬ್ಬಿಯೇ ಗಾರೆಯ ಸಮೇತ ಕಿತ್ತು ಬಂತು. ಬಿಳಿ ಚೌಕ ಒಂದು ಗಳಿಗೆ ನಿಂತಿತ್ತು, ಆಮೇಲೆ ಮಾಯವಾಯಿತು.

"ಕೂಗೋಗು ಮೇಂಗಣ್ಣ," ಎಂದಳು, ಏದುಸಿರು ಬಿಡುತ್ತಾ. "ಮೀನು ಕಾಯ್ತಿದೆ."

ಅವತ್ತಿನ ಹರಾಜು ಮುಗಿಯಿತು, ಲಾರಿಗಳು ಹೋದವು. ಸಂಜೆಯ ಹೊತ್ತಿಗೆ ಬಾಂಗ್ ನಿರ್ದೇಶಕರು ಕಾರಿನಲ್ಲಿ ಬಂದರು. ಇಡೀ ಕರಾವಳಿಯಲ್ಲಿ ನಮ್ಮ ಬಂದರು ಮಾತ್ರ ಅವರ ಆಫೀಸಿನ ಪರದೆಯ ನಕ್ಷೆಯಲ್ಲಿ ಆರಿಹೋಗಿತ್ತಂತೆ. ಕೈಯಲ್ಲಿ ಶಕ್ತಿಪೇಯದ ಸೀಸೆಗಳ ಪೆಟ್ಟಿಗೆ, ಮುಖದಲ್ಲಿ ನಗು. ಬಲೆ ಒಣಗಿಸುವ ಚಪ್ಪರದ ಕೆಳಗೆ ಅಧ್ಯಕ್ಷರು ಕುರ್ಚಿ ಹಾಕಿಸಿದರು. ವರ್ತಕರು, ಹೊಟ್ಟೆ ಕೊಯ್ಯುವ ಹೆಂಗಸರು ಎಲ್ಲರೂ ಕೆಲಸ ಬಿಟ್ಟು ಬಂದು ಸುತ್ತ ನಿಂತರು.

"ಆದ ತೊಂದರೆಗೆ ವಿಷಾದವಿದೆ," ಎಂದರು ಬಾಂಗ್. "ಇನ್ನು ಸ್ವಲ್ಪ ದಿನದಲ್ಲಿ ಸರಿಪಡಿಸಿದ ಆವೃತ್ತಿ ಬರತ್ತೆ. ಆದರೆ ಅದು ಬರಬೇಕು ಅಂದ್ರೆ ಲೈನು ಇರಬೇಕು. ದಯವಿಟ್ಟು ಜೋಡಿಸಿ."

"ಜೋಡಿಸಿದ್ರೆ ನಾಳೆ ಬೆಳಗ್ಗೆ ಮತ್ತೆ ಆ ಸರಿ ಬರತ್ತಲ್ಲ?" ಬೊಕ್‌ಸಿಲ್ ನಿಂತೇ ಇದ್ದಳು. ಕಿತ್ತ ತಂತಿ ಅವಳ ಏಪ್ರನ್ನಿನ ಜೇಬಿನಲ್ಲಿತ್ತು.

"ಎಲ್ಲಾ ಬಂದರುಗಳೂ ಒಂದೇ ಆವೃತ್ತಿಯಲ್ಲಿರಬೇಕು. ಒಪ್ಪಂದದಲ್ಲೇ ಇದೆ. ಹಳೇದರಲ್ಲಿ ತೂತುಗಳಿರ್ತವೆ ಮೇಡಂ, ಕಳ್ಳರು ಒಳಗೆ ಬರ್ತಾರೆ. ನಿಮ್ಮ ರಕ್ಷಣೆಗೇ ಇದು. ಬಳಸೋರಿಗೆ ಬಿಟ್ರೆ ಯಾರೂ ಯಾವತ್ತೂ ಅಪ್‌ಡೇಟ್ ಮಾಡಲ್ಲ."

ಅದರಲ್ಲಿ ಸುಳ್ಳಿರಲಿಲ್ಲ. ನಾನೇ ಮನೆಯ ಕಂಪ್ಯೂಟರಿನಲ್ಲಿ ಎಷ್ಟು ವರ್ಷ 'ಆಮೇಲೆ' ಒತ್ತಿದ್ದೇನೋ. ಆದರೆ ಆ ಮನುಷ್ಯ ಅದನ್ನು ಹೇಳಿದ ರೀತಿಗೆ ನನ್ನ ಮೈ ಉರಿಯಿತು. ಹಾಲು ಕುಡಿಯುವ ಮಕ್ಕಳಿಗೆ ಔಷಧಿ ನುಂಗಿಸುವವರ ಧಾಟಿ.

"ಕಳ್ಳ ಬರ್ತಾನೆ ಅಂತ ಬೀಗ ಬದಲಾಯಿಸ್ತೀರಾ, ಬದಲಾಯಿಸಿ," ಬೊಕ್‌ಸಿಲ್ ಧ್ವನಿ ಏರಿತು. "ನಾನು ಬೇಡ ಅಂದ್ನಾ? ನಾನು ಒಳಗೆ ಕೂತು ಉಣ್ತಿರೋವಾಗ ಬಾಗಿಲನ್ನೇ ಕಿತ್ತುಕೊಂಡು ಹೋಗ್ತೀರಲ್ಲ, ಅದಕ್ಕೆ ಏನಂತಾರೆ? ಹೇಳಿ. ಕಳ್ಳ ಅಂತಾರೋ, ಬೀಗದವನು ಅಂತಾರೋ?"

ಹೆಂಗಸರು ಗೊಳ್ಳೆಂದರು. ಬಾಂಗ್ ನಗುತ್ತಲೇ ಅಧ್ಯಕ್ಷರ ಕಡೆ ತಿರುಗಿದರು. "ಈ ಮೇಡಂಗೆ ತರಬೇತಿ ಸಾಲದು ಅನ್ಸತ್ತೆ. ಹೊಸದನ್ನ ಬಳಸೋದು ವಯಸ್ಸಾದವರಿಗೆ ಸ್ವಲ್ಪ ಕಷ್ಟ. ನಾವು ಒಬ್ಬರನ್ನ ಕಳಿಸಿ—"

"ತರಬೇತಿ ಅಲ್ಲ!"

ಆ ಕೂಗು ಎಲ್ಲಿಂದ ಬಂತೆಂದು ಎಲ್ಲರೂ ಹುಡುಕಿದರು. ಸೊರಿನ್. ಆ ತೆಳ್ಳಗಿನ ಮೈಯಿಂದ ಅಷ್ಟು ದೊಡ್ಡ ಧ್ವನಿ ಬರುತ್ತದೆಂದು ಯಾರೂ ಎಣಿಸಿರಲಿಲ್ಲ.

"ಅವರಿಗೆ ಎಲ್ಲಾ ಗೊತ್ತು. ನಾವು ಅವರ ಕೈಯಿಂದ ಕಿತ್ತುಕೊಂಡ್ವಿ. 'ಆಮೇಲೆ' ಅನ್ನೋ ಗುಂಡಿ ನಾನು ಇಟ್ಟಿದ್ದೆ, ತೆಗೆಸಿದ್ದು ನೀವು. ಹಳೇದನ್ನ ಉಳಿಸಿದ್ದೆ, ಅಳಿಸಿದ್ದು ನೀವು. ತಕ್ಕಡಿ ಕೇಳಿದೆ, ಕೊಡಲಿಲ್ಲ. ಹರಾಜು ಮುಗಿದ ಮೇಲೆ, ಪ್ರೋಗ್ರಾಂ ಅವರಾಗಿಯೇ ಮುಚ್ಚಿದ ಮೇಲೆ ಬದಲಾಯಿಸೋಣ ಅಂದೆ. ಮಾಡೋಕೆ ಏನೂ ಕಷ್ಟ ಇರಲಿಲ್ಲ! ನೀವು ಏನಂದ್ರಿ ಗೊತ್ತಾ? ನಕ್ಷೆಯಲ್ಲಿ ಎಲ್ಲಾ ಬಂದರೂ ಒಟ್ಟಿಗೆ ಹಸಿರಾಗೋದು ನೋಡೋಕೆ ಚೆಂದ ಅಂದ್ರಿ!"

ಬಾಂಗ್ ಮುಖದ ನಗು ಹೋಯಿತು. "ನಿಮಗೆ ದಣಿವಾಗಿದೆ. ಕಾರಿನಲ್ಲಿ ಕೂತ್ಕೊಳ್ಳಿ."

"ಕೂರಲ್ಲ."

"ತಾಕ್ ಸೊರಿನ್."

"ಕೂರಲ್ಲ ಅಂದೆ. ಆ ಮೂಲೆಗೆ ಹೋಗಿ ಆ ಪೆಟ್ಟಿಗೆ ಮೂಸಿ ಬನ್ನಿ, ಆಮೇಲೆ ಮಾತಾಡಿ."

ಅಧ್ಯಕ್ಷರು ಒಪ್ಪಂದ, ಒಪ್ಪಂದ ಎಂದು ತೊದಲಿದರು. ಲೈನು ಜೋಡಿಸಿಬಿಡೋಣ ಬೊಕ್‌ಸಿಲ್, ದೊಡ್ಡವರೊಂದಿಗೆ ಯಾಕೆ ಎಂದರು. ಬೊಕ್‌ಸಿಲ್ ಜೇಬಿನ ಮೇಲೆ ಕೈ ಇಟ್ಟುಕೊಂಡಳು. ಆಗ ವರ್ತಕರ ಗುಂಪಿನಲ್ಲಿ ಹಿರಿಯನೊಬ್ಬ ತನ್ನ ನಂಬರಿನ ಟೋಪಿ ತೆಗೆದು ಅಧ್ಯಕ್ಷರ ತೊಡೆಯ ಮೇಲೆ ಇಟ್ಟ. ಆ ಲೈನು ಹಾಕಿದ ದಿನ ನಾನು ಬೆರಳು ಮಡಚುವುದಿಲ್ಲ ಎಂದ. ಅವನ ಹಿಂದೆ ಇನ್ನೊಬ್ಬ, ಮತ್ತೊಬ್ಬ. ನಾನು ಯೋಚಿಸದೆ ಗಂಟೆಯನ್ನು ಆ ಟೋಪಿಗಳ ಮೇಲೆ ಇಟ್ಟುಬಿಟ್ಟೆ. ಅಧ್ಯಕ್ಷರ ತೊಡೆಯಲ್ಲಿ ಜಾಗ ಸಾಲದಾಯಿತು.

ಬಾಂಗ್ ಹೊರಟುಹೋದರು. ಸೊರಿನ್‌ಳನ್ನು ಬಿಟ್ಟೇ ಹೋದರು. ಅವಳು ಆ ವಾರವೆಲ್ಲ ಬೊಕ್‌ಸಿಲ್‌ಳ ಮನೆಯಲ್ಲೇ ಉಳಿದಳು. ಕೆಲಸದಿಂದ ತೆಗೆದ ಸುದ್ದಿ ಫೋನಿನಲ್ಲಿ ಬಂತು. ಅವಳು ಅಳಲಿಲ್ಲ, ಬೈದಳು. ಬೊಕ್‌ಸಿಲ್ ಪಕ್ಕದಲ್ಲಿ ಕೂತು, ಅಲ್ಲಿ ಇನ್ನೂ ಗಟ್ಟಿ ಪದ ಹಾಕು ಎಂದು ಹೇಳಿಕೊಡುತ್ತಿದ್ದಳು.

ನಾವು ಗೆದ್ದೆವು ಎಂದು ಹೇಳಲಾರೆ. ಅದೇ ವಾರ ಅದೇ ತಕ್ಕಡಿಯಿದ್ದ ಇನ್ನೂ ಹಲವು ಬಂದರುಗಳಲ್ಲಿ ಮೀನು ಕೊಳೆಯಿತು, ಅವರೂ ತಂತಿ ಕಿತ್ತರು. ಆಗ ಕಂಪನಿ ಬಗ್ಗಿತು. ಈಗ ಹೊಸದು ಬಂದರೆ ಪರದೆಯ ಕೆಳಗೆ ಸಣ್ಣ ಸಾಲು ಕಾಣುತ್ತದೆ: ನೀವು ಮುಚ್ಚಿದ ಮೇಲೆ ಬದಲಾಯಿಸುತ್ತೇವೆ. ಹೊಂದದಿದ್ದರೆ ಹಳೆಯದಕ್ಕೆ ಹೋಗಬಹುದು. ಸೊರಿನ್ ಬರೆದು ಬದಿಗಿಟ್ಟದ್ದನ್ನೇ ಎತ್ತಿ ಹಾಕಿದ್ದಾರೆ ಎಂದು ಅವಳ ಗೆಳತಿಯೊಬ್ಬಳು ತಿಳಿಸಿದಳು. ಸೊರಿನ್‌ಳನ್ನು ಮಾತ್ರ ಮತ್ತೆ ಕರೆಯಲಿಲ್ಲ. ಬಾಂಗ್ ಈಗಲೂ ಅಲ್ಲೇ ಇದ್ದಾರೆ.

ಬೊಕ್‌ಸಿಲ್‌ಳ ಸಿಟ್ಟು ಇದರಿಂದೆಲ್ಲ ಇಳಿಯಲಿಲ್ಲ. ಪ್ಯೊ ನಮ್ಮ ಬಂದರಿಗೆ ಬರುವುದನ್ನೇ ಬಿಟ್ಟಿದ್ದ, ಉತ್ತರದ ಬಂದರಿನಲ್ಲಿ ಮೀನು ಇಳಿಸುತ್ತಿದ್ದ. ಕಂಪನಿಯವರು ಅಧ್ಯಕ್ಷರಲ್ಲಿ ಕ್ಷಮೆ ಕೇಳಿದ್ದರು, ಸಂಘದಲ್ಲಿ ಕ್ಷಮೆ ಕೇಳಿದ್ದರು, ಅವನಲ್ಲಿ ಯಾರೂ ಕೇಳಿರಲಿಲ್ಲ. ಸೊರಿನ್ ಊರಿಗೆ ಹೊರಡುವ ಮೊದಲು, "ಅವರನ್ನ ಒಂದ್ಸಲ ನೋಡಬೇಕು" ಎಂದಳು. ಬೊಕ್‌ಸಿಲ್ ಒಲ್ಲೆನೆಂದು ಹೇಳಿ ಹೇಳಿ ಕಡೆಗೆ ಎಲ್ಲರಿಗಿಂತ ಮುಂಚೆ ನನ್ನ ಸಣ್ಣ ಟ್ರಕ್ಕು ಹತ್ತಿ ಕೂತಳು.

ಪ್ಯೊ ದೋಣಿಯ ಅಂಚಿನಲ್ಲಿ ಕೂತು ಗಾಳದ ಮೊನೆ ತೀಡುತ್ತಿದ್ದ. ಸೊರಿನ್ ಬಗ್ಗಿ ನಮಸ್ಕರಿಸಿ, ತಾನು ಯಾರು, ಏನಾಯಿತು, ಯಾಕಾಯಿತು ಎಲ್ಲವನ್ನೂ ಹೇಳಿದಳು. ಅವನು ತಲೆ ಎತ್ತಲಿಲ್ಲ.

"ಬೊಕ್‌ಸಿಲ್ ಅಕ್ಕನದ್ದು ಏನೂ ತಪ್ಪಿರಲಿಲ್ಲ," ಎಂದು ಮುಗಿಸಿದಳು.

"ಗೊತ್ತು," ಎಂದ ಪ್ಯೊ.

"ಏನು ಗೊತ್ತು?" ಬೊಕ್‌ಸಿಲ್ ಮುಂದೆ ಬಂದಳು.

"ಅವತ್ತೇ ಗೊತ್ತಿತ್ತು." ಅವನು ಗಾಳವನ್ನು ಬಿಸಿಲಿಗೆ ಹಿಡಿದು ನೋಡಿದ. "ಸಿಯೋಲ್‌ನೋರು ಕೈಗೆ ಸಿಗ್ತಾರಾ? ಕೂಗೋಕೆ ಅಲ್ಲಿ ಇನ್ಯಾರಿದ್ರು?"

ಬೊಕ್‌ಸಿಲ್ ಬಾಯಿ ತೆರೆದಳು.

"ಗೊತ್ತಿತ್ತಾ? ಗೊತ್ತಿದ್ದೂ ಇಡೀ ಬಂದರಿನ ಎದುರು ನನ್ನ ಮಾನ ಕಳೆದ್ಯಾ? ನನ್ನ ಬಾಗಿಲಿಗೆ ಮೀನು ಬೀಸಿ ಎಸೆದ್ಯಲ್ಲೋ, ಗೊತ್ತಿದ್ದೂ! ಹೊಟ್ಟೆ ಕೊಯ್ಯೋ ಕೆಲಸ ಅಂತ ಹೀಯಾಳಿಸಿದ್ಯಲ್ಲ, ಆ ಹೆಂಗಸರು ಕೊಯ್ಯದಿದ್ರೆ ನಿನ್ನ ಮೀನು ಯಾರು ತಿಂತಿದ್ರೋ? ನಿಮ್ಮಪ್ಪನ ಕಾಲದಿಂದ ನಿಮ್ಮ ದೋಣಿ ತೂಕ ಬರೆದವಳು ನಾನು. ಒಂದು ದಿನ ಒಂದು ಕಾಳು ಹೆಚ್ಚುಕಮ್ಮಿ ಮಾಡಿದ್ನಾ? ನೋಡೋ ಇಲ್ಲಿ! ಮುಖ ಎತ್ತೋ! ಆ ಗಾಳ ಕೆಳಗಿಡು ಮೊದಲು!"

ಪ್ಯೊ ಗಾಳ ಕೆಳಗಿಟ್ಟ. ಮುಖ ಎತ್ತಿದ. ಅವಳು ನಿಲ್ಲಿಸಲಿಲ್ಲ. ಅಕ್ಕಪಕ್ಕದ ದೋಣಿಗಳವರು ಹೊರಗೆ ಬಂದು ನಿಂತರು. ಸೊರಿನ್ ನನ್ನ ತೋಳು ಹಿಡಿದು, ತಡೆಯೋಣವೇ ಎಂದು ಕಣ್ಣಲ್ಲೇ ಕೇಳಿದಳು. ಬೇಡವೆಂದು ತಲೆಯಾಡಿಸಿದೆ. ಟ್ರಕ್ಕಿನ ನೆರಳಿನಲ್ಲಿ ಕೂತು ಸಿಗರೇಟು ಹಚ್ಚಿದೆ. ಅವಳ ಧ್ವನಿ ಕಟ್ಟೆಯ ಉದ್ದಕ್ಕೂ ಕೇಳುತ್ತಿತ್ತು. ಅವನು ಒಂದೇ ಒಂದು ಸಲ "ತಪ್ಪಾಯ್ತು" ಎಂದ. ಜೋರಾಗಿ ಹೇಳೋ, ಎಲ್ಲರಿಗೂ ಕೇಳೋ ಹಾಗೆ ಹೇಳೋ ಎಂದು ಅವಳು ಅದನ್ನು ಮತ್ತೆ ಹೇಳಿಸಿದಳು.